ಶಾಲೆಯ ಗೇಟಿನ ಮುಂದೆ ಹನ್ನೊಂದು ನಿಮಿಷ

ಹಾಲ್ಕುರಿಕೆ
4 ಮಾರ್ಚ್ 2024

ಚಿ. ಸಿಂಧುಗೆ,

ನಾನೂ ನಿಮ್ಮತ್ತೆ ಶಾಂತಕುಮಾರಿಯೂ ಚೆನ್ನಾಗಿದ್ದೀವಿ. ಬಿಸಿಲು ಮಾತ್ರ ಈ ಸಲ ಮಾರ್ಚಿಗೇ ಏಪ್ರಿಲ್ ಥರ ಹೊಡೀತಿದೆ. ನಿಮ್ಮಮ್ಮ ನಿನ್ನೆ ತಿಪಟೂರಿಂದ ಬಂದಿದ್ದಳು. "ಕೈಯಲ್ಲಿ ಫೋನ್ ಇಟ್ಕೊಂಡು ಮಾವ ಸೊಸೆ ಇನ್ನೂ ಕಾಗದ ಬರ್ಕೊಂಡು ಕೂತಿದ್ದೀರಲ್ಲ" ಅಂತ ನಕ್ಕಳು. ನಾನು ಮಿಲಿಟರಿಯಿಂದ ಬರೆದ ಕಾಗದಗಳನ್ನ ಮನೆ ಮಂದಿಗೆಲ್ಲ ಓದಿ ಹೇಳ್ತಿದ್ದವಳು ನೀನು. ಆ ರೂಢಿ ಬಿಟ್ಟಿಲ್ಲ ಅಷ್ಟೆ. ಫೋನಿನಲ್ಲಿ ನನಗೆ 'ಊಟ ಆಯ್ತಾ' ಅನ್ನೋದು ಬಿಟ್ಟು ಬೇರೆ ಮಾತು ಬರಲ್ಲ.

ವಿಷಯ ಏನಪ್ಪ ಅಂದ್ರೆ, ಹೋದ ಗುರುವಾರ ಮನೆ ಮುಂದೆ ಬೆಂಗಳೂರಿನ ಕಾರೊಂದು ಬಂದು ನಿಂತಿತು. ಒಬ್ಬ ಬಿಳೀ ಹೆಂಗಸು, ಒಬ್ಬರು ಆಫ್ರಿಕಾದ ವಕೀಲರು, ಒಬ್ಬರು ಮೈಸೂರಿನ ಭಾಷಾಂತರದ ಮೇಡಂ. ಹೇಗ್‌ನಿಂದ ಬಂದೋರಂತೆ, ನೀನು ಕೆಲಸ ಮಾಡೋ ಅಂತರರಾಷ್ಟ್ರೀಯ ಕೋರ್ಟಿನೋರೇ. ಇಪ್ಪತ್ತು ವರ್ಷದ ಹಿಂದೆ ನಾನು ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಲಾರಿ ಡ್ರೈವರಾಗಿ ಆಫ್ರಿಕಾಕ್ಕೆ ಹೋಗಿದ್ದೆನಲ್ಲ, ಆಗ ಆ ದೇಶದ ಅಧ್ಯಕ್ಷನಾಗಿದ್ದ ಜನರಲ್ ಈಗ ನಿಮ್ಮ ಜೈಲಲ್ಲಿ ಇದ್ದಾನಂತೆ. ಕಿಸೋಲೆ ಅನ್ನೋ ಊರಿನ ಶಾಲೆಯಲ್ಲಿ ಜನರನ್ನ ಕೊಲ್ಲಿಸಿದ ಕೇಸು. ಆವತ್ತು ತಾನು ರಾಜಧಾನಿಯಲ್ಲಿ ಜ್ವರ ಬಂದು ಮಲಗಿದ್ದೆ ಅಂತಾನಂತೆ. ಆ ಶಾಲೆಯ ಮುಂದಿಂದ ಹೊರಟ ಕೊನೇ ಲಾರಿ ನನ್ನದು. "ಅಧ್ಯಕ್ಷರನ್ನ ಅಲ್ಲಿ ನೋಡಿದ್ರಾ?" ಅಂದ್ರು. ನೋಡ್ದೆ ಅಂದೆ. ಬರ್ಕೊಂಡು, ಸೈನ್ ಹಾಕಿಸ್ಕೊಂಡು, ಎಳನೀರು ಕುಡಿದು ಹೋದ್ರು. ಸಾಕ್ಷಿ ಹೇಳೋಕೆ ಅಲ್ಲಿಗೇ ಬರಬೇಕಾಗಬಹುದಂತೆ.

ನೀನು ಲಾ ಓದಿದವಳು. ಒಂದು ದೇಶವನ್ನೇ ಆಳಿದವನನ್ನ ಕಟಕಟೆಗೆ ನಿಲ್ಲಿಸೋದು ನಿಜವಾಗ್ಲೂ ಆಗುತ್ತಾ? ಇಲ್ಲಿ ಸಣ್ಣ ಪುಟ್ಟ ಲೀಡರಿಗೆ ಒಂದು ನೋಟೀಸು ಬಂದ್ರೂ ಅದು ಎಲ್ಲೋ ದಾರಿಯಲ್ಲೇ ಕಳೆದುಹೋಗುತ್ತೆ. ಇನ್ನೊಂದು. ಸಾಕ್ಷಿ ಹೇಳೋಕೆ ಹೋದವರನ್ನೇ ಹಿಡಿದು ಕೂರಿಸ್ಕೊಳ್ಳೋದು ಏನಾದ್ರೂ ಉಂಟಾ? ಸುಮ್ಮನೆ ಕೇಳಿದೆ.

ನಿನ್ನ ಮಾವ,
ಮರುಳಸಿದ್ದಯ್ಯ


ಹಾಲ್ಕುರಿಕೆ
17 ಮಾರ್ಚ್ 2024

ಚಿ. ಸಿಂಧುಗೆ,

ನಿನ್ನ ಉತ್ತರ ಬರೋ ಮುಂಚೆಯೇ ಇನ್ನೊಂದು ಬರೀತಿದ್ದೀನಿ. ಅವತ್ತು ಬಂದೋರಿಗೆ ನಾನು ಪೂರ್ತಿ ಹೇಳಲಿಲ್ಲ ಕಣವ್ವ. ಆರ್ಡರ್ ಬಂದ ತಕ್ಷಣ ಹೊರಟೆ, ಗೇಟು ದಾಟೋವಾಗ ಜನರಲ್‌ನ ಕಂಡೆ ಅಂತ ಬರೆಸಿದೆ. ಅದು ಹಾಗಲ್ಲ. ಯಾರಿಗಾದ್ರೂ ಒಂದು ಸಲ ಹೇಳಿಬಿಡಬೇಕು. ನಿಮ್ಮತ್ತೆಗೆ ಹೇಳೋ ಧೈರ್ಯ ಇಲ್ಲ.

ಆ ಶಾಲೆಯೊಳಗೆ ಮುನ್ನೂರು ಜನ ಹತ್ತಿರ ಇದ್ರು. ಊರಲ್ಲಿ ಗಲಾಟೆ ಅಂತ ನಮ್ಮ ಕಾವಲು ಪೋಸ್ಟಿನ ಪಕ್ಕ ಬಂದು ಸೇರ್ಕೊಂಡಿದ್ರು. ನಾವಿದ್ದದ್ದು ಹನ್ನೆರಡು ಜನ ಜವಾನರು. ಮಧ್ಯಾಹ್ನ ರೇಡಿಯೋದಲ್ಲಿ ಆರ್ಡರ್ ಬಂತು, ಪೋಸ್ಟ್ ಖಾಲಿ ಮಾಡಿ ಅಂತ. ನಮ್ಮ ಜವಾನರು, ಆಸ್ಪತ್ರೆ ಡೇರೆಯ ರೋಗಿಗಳು, ಒಬ್ಬ ನರ್ಸಮ್ಮ ಎಲ್ಲ ಸೇರಿ ಇಪ್ಪತ್ತೆರಡು ಜನ ನನ್ನ ಲಾರಿ ಹತ್ತಿದ್ರು. ಶಾಲೆಯೊಳಗಿದ್ದವರು ಗೇಟಿನ ಸರಳು ಹಿಡ್ಕೊಂಡು ಸುಮ್ಮನೆ ನೋಡ್ತಾ ನಿಂತಿದ್ರು. ಅತ್ತ ಕಡೆ ಜನರಲ್‌ನ ಸೈನ್ಯ ಬಂದು ನಿಂತಿತ್ತು.

ನಾನು ಕೀ ತಿರುಗಿಸಿ ಎಂಜಿನ್ ಆಫ್ ಮಾಡ್ಬುಟ್ಟೆ. ಬ್ಯಾಟರಿ ಹೋಗಿದೆ ಸಾಬ್ ಅಂತ ಪಕ್ಕದಲ್ಲಿ ಕೂತಿದ್ದ ಕ್ಯಾಪ್ಟನ್‌ಗೆ ಸುಳ್ಳು ಹೇಳಿದೆ. ಇಳಿದು ಬಾನೆಟ್ ಎತ್ತಿ ಅದೂ ಇದೂ ಎಳೆದು ನೋಡೋ ಥರ ಮಾಡ್ತಾ ನಿಂತೆ. ಅಷ್ಟರಲ್ಲಿ ಆರ್ಡರ್ ಬದಲಾದ್ರೂ ಆಗಬಹುದು ಅಂತ ಒಂದು ಆಸೆ. ಆಗಲೇ ಒಂದು ಬಿಳೀ ಜೀಪು ಬಂದದ್ದು. ಜನರಲ್ ಇಳಿದ. ನನಗೂ ಅವನಿಗೂ ಮೂವತ್ತು ಹೆಜ್ಜೆ ದೂರ. ಆ ದೇಶದಲ್ಲಿ ಅವನ ಮುಖ ಹೆಂಗಸರು ಉಡೋ ಬಟ್ಟೆ ಮೇಲೆಲ್ಲ ಅಚ್ಚಾಗಿರ್ತಿತ್ತು, ತಪ್ಪೋಕೆ ಸಾಧ್ಯವೇ ಇಲ್ಲ. ಮಾವಿನ ಮರದ ಕೆಳಗೆ ನಿಂತು ನನ್ನ ಲಾರಿ ನೋಡಿದ. ಆಮೇಲೆ ವಾಚು ನೋಡ್ಕೊಂಡ.

ಕ್ಯಾಪ್ಟನ್ ಇಳಿದು ಬಂದ್ರು. ನನ್ನ ಆಟ ಅವರಿಗೆ ತಿಳಿದಿತ್ತು. ಬಯ್ಯಲಿಲ್ಲ. "ಸಿದ್ದಯ್ಯಾ, ಹಿಂದುಗಡೆ ಇಪ್ಪತ್ತೆರಡು ಜನ ಇದ್ದಾರೆ. ಅವರ ಜೀವವೂ ನಿನ್ನ ಕೈಯಲ್ಲೇ ಇದೆ" ಅಂತ ಮೆತ್ತಗೆ ಹಿಂದಿಯಲ್ಲಿ ಅಂದ್ರು. ಬಾನೆಟ್ ಮುಚ್ಚಿ ಹತ್ತಿ ಕೂತೆ. ಒಂದೇ ಸಲಕ್ಕೆ ಎಂಜಿನ್ ಶುರುವಾಯ್ತು.

ಹೊರಟಾಗ ಒಬ್ಬ ಹೆಂಗಸು ಗೇಟಿನ ಸಂದಿಯಿಂದ ಓಡಿಬಂದು ಲಾರಿಯ ಹಿಂದಿನ ಬಾಗಿಲು ಹಿಡ್ಕೊಂಡಳು. ಮೊದಲು ನಡೆದಳು, ಆಮೇಲೆ ಓಡಿದಳು. ಪಕ್ಕದ ಕನ್ನಡಿಯಲ್ಲಿ ಅವಳ ಕೈ ಕಾಣ್ತಿತ್ತು. ನಾನು ನಿಧಾನ ಮಾಡಲಿಲ್ಲ. ಕೆರೆ ದಂಡೆಯ ತಿರುವಿಗೆ ಬರೋ ಹೊತ್ತಿಗೆ ಹಿಂದೆ ಗುಂಡಿನ ಶಬ್ದ ಶುರುವಾಯ್ತು.

ಆ ವಾರ ನಾನು ಮನೆಗೆ ಬರೆದದ್ದು ಏನು ಗೊತ್ತಾ? ಇಲ್ಲಿ ದೊಡ್ಡ ಕೆರೆ ಇದೆ, ಬಾಳೆಹಣ್ಣು ಬಲು ಅಗ್ಗ, ಅಂತ.

ಆರ್ಡರ್ ಮೀರಿ ಲಾರಿ ನಿಲ್ಲಿಸಿದ್ದಕ್ಕೆ ಮಿಲಿಟರಿಯವರು ಪೆನ್ಶನ್ ಕಿತ್ಕೋಬಹುದು. ಬಿಟ್ಟು ಬಂದಿದ್ದಕ್ಕೆ ನಿಮ್ಮ ಕೋರ್ಟು ಏನು ಮಾಡುತ್ತೋ. ನನ್ನನ್ನೂ ಅವನ ಪಕ್ಕ ಕೂರಿಸ್ತಾರಾ? ನೀನೇ ಹೇಳಬೇಕು.

ನಿನ್ನ ಮಾವ,
ಮರುಳಸಿದ್ದಯ್ಯ


ಹೇಗ್
20 ಮಾರ್ಚ್ 2024

ಪ್ರೀತಿಯ ಮಾವ,

ನಿಮ್ಮ 4ನೇ ತಾರೀಖಿನ ಕಾಗದ ನಿನ್ನೆ ಕೈಸೇರಿತು. ಓದಿದ ಕೂಡಲೇ ನಮ್ಮ ಮುಖ್ಯಸ್ಥರ ಬಳಿ ಹೋಗಿ, ಈ ಕೇಸಿನಲ್ಲಿ ನನ್ನ ಸೋದರಮಾವ ಸಾಕ್ಷಿಯಾಗಬಹುದು ಎಂದು ತಿಳಿಸಿದೆ. ನಾನಿರುವುದು ದಾಖಲೆಗಳ ವಿಭಾಗದಲ್ಲಿ. ಜನರಲ್ ಕೇಸಿನ ಕಡತಗಳು ಇನ್ನು ನನ್ನ ಮೇಜಿಗೆ ಬರುವುದಿಲ್ಲ. ಅದೇ ಸರಿ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹೇಳಬಹುದು, ಅದು ಎಲ್ಲರಿಗೂ ಗೊತ್ತಿರುವ ಸಂಗತಿ. ಹೌದು, ಆಗುತ್ತದೆ. ಚುನಾವಣೆ ಸೋತ ಮೇಲೆ ಆತ ಪಕ್ಕದ ದೇಶಕ್ಕೆ ಮೊಣಕಾಲಿನ ಆಪರೇಷನ್ನಿಗೆಂದು ಹೋದಾಗ ವಿಮಾನ ನಿಲ್ದಾಣದಲ್ಲೇ ಹಿಡಿದರು. ಹದಿನಾಲ್ಕು ವರ್ಷ ಹಿಡಿಯಿತು ಅದಕ್ಕೆ. ಅಧ್ಯಕ್ಷನಾಗಿದ್ದೆ ಎನ್ನುವುದು ಕೊಲೆಗೆ ರಿಯಾಯಿತಿಯಲ್ಲ ಎಂದು ಈ ಕೋರ್ಟನ್ನು ಕಟ್ಟಿದ ಕಾನೂನಿನಲ್ಲೇ ಬರೆದಿದೆ.

ಎರಡನೆಯ ಪ್ರಶ್ನೆಯನ್ನು ನನ್ನ ಹತ್ತಿರ ಕೇಳಬೇಡಿ ಮಾವ. ಕೋರ್ಟೇ ನಿಮಗೊಬ್ಬ ವಕೀಲರನ್ನು ಕೊಡುತ್ತದೆ, ಅವರನ್ನು ಕೇಳಿ. ದಯವಿಟ್ಟು ಕೇಸಿನ ಬಗ್ಗೆ ನನಗೆ ಇನ್ನು ಒಂದಕ್ಷರವೂ ಬರೆಯಬೇಡಿ. ತೋಟದ ಬಗ್ಗೆ ಬರೆಯಿರಿ, ಅತ್ತೆಯ ಬಗ್ಗೆ ಬರೆಯಿರಿ.

ಇಲ್ಲಿ ಇನ್ನೂ ಕೋಟು ಹಾಕಿಕೊಂಡೇ ಓಡಾಡುತ್ತಿದ್ದೇನೆ. ಅಮ್ಮ ಕಳಿಸಿದ ಕೊಬ್ಬರಿ ಮಿಠಾಯಿ ಆಫೀಸಿನವರೇ ಮುಗಿಸಿದರು.

ನಿಮ್ಮ
ಸಿಂಧು


ಹಾಲ್ಕುರಿಕೆ
1 ಏಪ್ರಿಲ್ 2024

ಚಿ. ಸಿಂಧುಗೆ,

ಒಂದಕ್ಷರವೂ ಬೇಡ ಅಂದಿದ್ದೀಯ. ನಾನು ಅಷ್ಟು ಹೊತ್ತಿಗಾಗಲೇ ನಾಲ್ಕು ಪುಟ ಬರೆದು ಅಂಚೆಗೆ ಹಾಕಿಬಿಟ್ಟಿದ್ದೆ. ಅದು ಬಂದಿದ್ರೆ ಓದಬೇಡ. ಓದಿದ್ರೆ ಮರೆತುಬಿಡು. ಹರಿದು ಒಲೆಗೆ ಹಾಕು. ಅಲ್ಲಿ ಒಲೆ ಇಲ್ಲದಿದ್ರೆ ಚೂರು ಚೂರು ಮಾಡಿ ಕಸಕ್ಕೆ ಹಾಕು. ಹಾಕಿದೆ ಅಂತ ಒಂದು ಸಾಲು ಬರಿ.

ಮಾವ


ಹೇಗ್
12 ಏಪ್ರಿಲ್ 2024

ಶ್ರೀ ಮರುಳಸಿದ್ದಯ್ಯನವರಿಗೆ,

ನಿಮ್ಮ 17 ಮಾರ್ಚ್ ಮತ್ತು 1 ಏಪ್ರಿಲ್ ತಾರೀಖಿನ ಪತ್ರಗಳು ತಲುಪಿವೆ. ನಾನಾಗಿ ತಿಳಿಸುವವರೆಗೆ ನನಗೆ ಪತ್ರ ಬರೆಯಬೇಡಿ, ಫೋನ್ ಮಾಡಬೇಡಿ. ನಾನೂ ಬರೆಯುವುದಿಲ್ಲ.

ಸಿಂಧು


ಹಾಲ್ಕುರಿಕೆ
9 ಜೂನ್ 2024

ಚಿ. ಸಿಂಧುಗೆ,

ಬೇಡ ಅಂದ್ರೂ ಬರೀತಿದ್ದೀನಿ. ಇದೊಂದೇ.

ನಿನ್ನ ಟೈಪು ಮಾಡಿದ ಕಾಗದವನ್ನ ಎಷ್ಟು ಸಲ ಓದಿದೆನೋ. ಮಾವ ಅನ್ನೋ ಮಾತು ಅದರಲ್ಲಿ ಎಲ್ಲೂ ಇಲ್ಲ. ನನಗೆ ಸಿಟ್ಟಿಲ್ಲ ಕಣವ್ವ. ಲಾರಿ ಹಿಡ್ಕೊಂಡ ಆ ಹೆಂಗಸಿಗೂ ಈಗಿನ ನಿನ್ನ ವಯಸ್ಸೇ ಇರಬೇಕು. ನೀನು ಅವಳ ಕಡೆ ನಿಂತು ಯೋಚನೆ ಮಾಡಿರ್ತೀಯ. ಹಾಗೆ ಯೋಚನೆ ಮಾಡಲಿ ಅಂತಲೇ ನಿನ್ನನ್ನ ಓದಿಸಿದ್ದು.

ಮೊನ್ನೆ ತಿಪಟೂರಿಗೆ ಕೊಬ್ಬರಿ ಹಾಕೋಕೆ ಹೋದವನು ನಿಮ್ಮಮ್ಮನ ಮನೆಗೆ ಹೋಗಿದ್ದೆ. "ಸಿಂಧು ಏನಂತಾಳೆ?" ಅಂದೆ. ಅಕ್ಕ ಕಾಫಿ ಲೋಟ ಕೊಟ್ಟು, ನನ್ನ ಮುಖ ನೋಡದೆ, "ಮಾವನ ವಿಷಯ ನನ್ನತ್ರ ಎತ್ತಬೇಡಮ್ಮ ಅಂತಾಳೆ ಕಣಪ್ಪ. ಏನು ಮಾಡಿದ್ಯೋ ನೀನು?" ಅಂದಳು. ಏನೂ ಇಲ್ಲ ಬುಡಕ್ಕ ಅಂದು ಬಸ್ ಹತ್ತಿದೆ.

ಅಕ್ಟೋಬರಿನಲ್ಲಿ ಬನ್ನಿ ಅಂತ ಕೋರ್ಟಿಂದ ಬಂದಿದೆ. ಬರಲ್ಲ ಅನ್ನೋಣ ಅಂತ ಎರಡು ಸಲ ಫೋನ್ ಎತ್ಕೊಂಡೆ. ಮಾಡಲಿಲ್ಲ. ಜ್ವರ ಬಂದು ಮಲಗಿದ್ದೆ ಅಂತ ಅವನು ಹೇಳೋದನ್ನ ಕೇಳ್ಕೊಂಡು ಇಲ್ಲಿ ಕೂರೋಕೆ ಆಗಲ್ಲ. ಹೋಗ್ತೀನಿ. ಆದ್ರೆ ಬರೆಸಿದ್ದಷ್ಟೇ ಹೇಳ್ತೀನಿ. ಮಿಕ್ಕಿದ್ದು ನಿನಗೊಬ್ಬಳಿಗೇ ಗೊತ್ತು. ಅದು ನಿನ್ನ ಹತ್ರವೇ ಇರಲಿ.

ಮಾವ


ಹಾಲ್ಕುರಿಕೆ
28 ಅಕ್ಟೋಬರ್ 2024

ಸಿಂಧುಗೆ,

ನನ್ನ ಜೂನ್ ತಿಂಗಳ ಕಾಗದ ಒಡೆಯದೇ ವಾಪಸ್ ಬಂದಿತ್ತು. ಹಾಗಾಗಿ ಇದನ್ನೂ ಓದ್ತೀಯೋ ಇಲ್ಲವೋ ಗೊತ್ತಿಲ್ಲ. ಹೋದ ವಾರ ನಿಮ್ಮೂರಿಗೆ ಬಂದು ಹೋದೆ. ಅದು ನಿನಗೆ ಗೊತ್ತು. ಮೊದಲನೇ ದಿನ ಬೆಳಿಗ್ಗೆ ಒಬ್ಬ ಹುಡುಗಿ ನನ್ನನ್ನ ಸಾಕ್ಷಿಗಳ ಕೋಣೆಗೆ ಕರ್ಕೊಂಡು ಹೋಗ್ತಿದ್ದಾಗ ಗಾಜಿನ ಬಾಗಿಲಿನ ಆಚೆ ನೀನು ಫೈಲು ಹಿಡ್ಕೊಂಡು ಬರ್ತಿದ್ದೆ. ನನ್ನನ್ನ ನೋಡಿದೆ. ನಿಂತೆ. ಆಮೇಲೆ ತಿರುಗಿ ಮೆಟ್ಟಿಲು ಇಳಿದು ಹೋದೆ. ನೀನು ತೆಳ್ಳಗಾಗಿದ್ದೀಯ.

ಕೋರ್ಟಿನ ಒಳಗೆ ನಡೆದದ್ದನ್ನ ಹೇಳ್ತೀನಿ, ನಿನಗೆ ಬೇಕೋ ಬೇಡವೋ.

ಜನರಲ್ ಮುದುಕನಾಗಿದ್ದಾನೆ. ಕಿವಿಗೆ ಮಿಷನ್ನು, ಹೆಗಲಿಗೊಂದು ಶಾಲು. ಮೂವರು ಜಡ್ಜು ಬಂದಾಗ ಎಲ್ಲರ ಥರ ಅವನೂ ಎದ್ದು ನಿಂತ. ಮಧ್ಯೆ ಕೂತಿದ್ದ ಜಡ್ಜಮ್ಮ ಕೂತ್ಕೊಳ್ಳಿ ಅಂದ ಮೇಲೆ ಕೂತ. ಅವನು ಕಾಯ್ತಾ ನಿಂತಿದ್ದನ್ನ ನೋಡಿ ನನಗೆ ಒಂಥರಾ ಆಯ್ತು. ಅವನ ಮೇಜಿನ ಮೇಲೂ ನನ್ನದರ ಮೇಲೂ ಒಂದೇ ಥರದ ನೀರಿನ ಲೋಟ. ಅದು ಮಾತ್ರ ನನಗೆ ಹಿಡಿಸಲಿಲ್ಲ.

ಮೊದಲನೇ ದಿನ ಸುಸೂತ್ರವಾಗಿ ಆಯ್ತು. ಬರೆಸಿದ್ದನ್ನೇ ಹೇಳಿದೆ. ಮೈಸೂರಿನ ಮೇಡಂ ಗಾಜಿನ ಗೂಡಿನಲ್ಲಿ ಕೂತು ನನ್ನ ಮಾತನ್ನ ಇಂಗ್ಲಿಷಿಗೆ ಹಾಕ್ತಿದ್ರು. ಎರಡನೇ ದಿನ ಜನರಲ್ ಕಡೆಯ ವಕೀಲ ಎದ್ದ. ಭಾಳ ಮರ್ಯಾದೆಯ ಮನುಷ್ಯ.

"ಹವಾಲ್ದಾರ್ ಅವರೇ, ಆರ್ಡರ್ ಬಂದ ತಕ್ಷಣ ಹೊರಟಿರಿ ಅಂತ ಹೇಳಿಕೆ ಕೊಟ್ಟಿದ್ದೀರಿ. ಅದು ನಿಜವೇ?"

ನಿಜ ಅಂದೆ.

"ಹೊರಡ್ತಾ ಇರೋ ಲಾರಿಯಿಂದ ಅಷ್ಟು ಜನರ ನಡುವೆ ಒಬ್ಬನ ಗುರುತು ಹಿಡಿದಿರಿ."

ಹೌದು ಅಂದೆ.

ಆಗ ಅವನು ಒಂದು ಕಾಗದ ಎತ್ಕೊಂಡ. ಎದುರಿಗಿದ್ದ ಪರದೆ ಮೇಲೆ ನನ್ನ ಕೈಬರಹ ಬಂತು. ನೀಲಿ ಇಂಕು. ಎಡಗಡೆ ಮೂಲೆಯಲ್ಲಿ ನಾನು ಚೆಲ್ಲಿದ ಕಾಫಿ ಕಲೆ. ಹದಿನೇಳನೇ ತಾರೀಖು ನಿನಗೆ ಬರೆದದ್ದು. "ಇದು ನಿಮ್ಮ ಕಾಗದವೇ?" ಅಂದ. ಹೌದು ಅಂದೆ. ಮೇಡಂ ಅದನ್ನ ಮೊದಲಿಂದ ಕೊನೆವರೆಗೆ ಕನ್ನಡದಲ್ಲಿ ಓದಿದ್ರು, ಆಮೇಲೆ ಇಂಗ್ಲಿಷಲ್ಲಿ. ಎಂಜಿನ್ ಆಫ್ ಮಾಡಿದ್ದು, ಬ್ಯಾಟರಿ ಸುಳ್ಳು, ಆ ಹೆಂಗಸಿನ ಕೈ, ಬಾಳೆಹಣ್ಣು, ಎಲ್ಲ. ಜನರಲ್ ಕಿವಿ ಮಿಷನ್ನನ್ನ ಒತ್ತಿ ಹಿಡ್ಕೊಂಡು ಕೇಳಿಸ್ಕೊಂಡ.

"ಹಾಗಾದ್ರೆ ನೀವು ಈ ಕೋರ್ಟಿಗೆ ಸುಳ್ಳು ಹೇಳಿದ್ದೀರಿ" ಅಂದ ವಕೀಲ.

ಹೇಳಿದ್ದೀನಿ ಸಾರ್ ಅಂದೆ.

ಜಡ್ಜಮ್ಮ ಅವನಿಗೆ ಕೂರೋಕೆ ಹೇಳಿ, ನನ್ನ ಕಡೆ ತಿರುಗಿ ಯಾಕೆ ಅಂತ ಕೇಳಿದ್ರು. ಆರ್ಡರ್ ಮೀರಿದ್ದು ತಿಳಿದ್ರೆ ಪೆನ್ಶನ್ ಹೋಗುತ್ತೆ ಅನ್ನೋ ಭಯ ತಾಯಿ, ಅದಕ್ಕಿಂತ ಆ ಹೆಂಗಸಿನ ಮಾತು ಬರುತ್ತಲ್ಲ ಅನ್ನೋ ನಾಚಿಕೆ ಅಂದೆ. "ಎಂಜಿನ್ ನಿಲ್ಲಿಸಿದವರು ಮತ್ತೆ ಯಾಕೆ ಶುರು ಮಾಡಿದಿರಿ?" ಅಂದ್ರು. ಹಿಂದೆ ಇಪ್ಪತ್ತೆರಡು ಜನ ಇದ್ರು ಅಂದೆ. ತಲೆ ಬಗ್ಗಿಸಿ ಕಣ್ಣು ಒರೆಸ್ಕೊಂಡೆ. ಹತ್ತು ನಿಮಿಷ ಬಿಡುವು ಕೊಟ್ಟು, ನೀರು ಕುಡೀರಿ ಅಂದ್ರು. ಆಮೇಲೆ ಮೂವತ್ತು ಹೆಜ್ಜೆ ದೂರ, ಮಾವಿನ ಮರ, ವಾಚು, ಒಂದೊಂದನ್ನೂ ಕೇಳಿ ಕೇಳಿ ಬರ್ಕೊಂಡ್ರು. ಯಾರೂ ನನ್ನನ್ನ ಹಿಡ್ಕೊಳ್ಳಲಿಲ್ಲ. ಮಾರನೇ ದಿನ ವಿಮಾನ ಹತ್ತಿಸಿದ್ರು.

ನನಗೆ ತಿಳೀಬೇಕಾಗಿರೋದು ಒಂದೇ. ಆ ಕಾಗದ ಅವನ ಕೈಗೆ ಹೇಗೆ ಹೋಯ್ತು? ನೀನೇ ಕೊಟ್ಟೆಯಾ? ಹೌದು, ಇಲ್ಲ, ಅಷ್ಟು ಬರಿ ಸಾಕು.

ಮರುಳಸಿದ್ದಯ್ಯ


ಹೇಗ್
19 ನವೆಂಬರ್ 2024

ಪ್ರೀತಿಯ ಮಾವ,

ಹೌದು. ನಾನೇ ಕೊಟ್ಟೆ.

ಸಾಕ್ಷಿಗಳ ವಿಚಾರಣೆ ನಿನ್ನೆ ಮುಗಿಯಿತು. ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಮುಖ್ಯಸ್ಥರು ಕರೆದು, ತಡೆದಿಟ್ಟಿದ್ದ ನಿಮ್ಮ ಅಕ್ಟೋಬರ್ ಕಾಗದ ಕೊಟ್ಟು, ನಿಮಗೆ ಬರೆಯಬಹುದು ಎಂದರು. ಆಫೀಸಿನ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ.

ಕೇಸಿನ ಮಾತು ಬೇಡ ಎಂದು ಬರೆದು ಹಾಕಿ ಎಂಟು ದಿನಕ್ಕೆ ನಿಮ್ಮ ಎರಡನೆಯ ಕಾಗದ ಬಂತು. ಏನೆಂದು ತಿಳಿಯದೆ ಒಡೆದೆ. ಓದಿ ಮುಗಿಸಿದ ಮೇಲೆ ಗೊತ್ತಾಯಿತು, ಇದು ನನ್ನ ಹತ್ತಿರ ಇರುವಂತಿಲ್ಲ ಎಂದು. ಸಾಕ್ಷಿಯೊಬ್ಬರು ತಾವು ಕಂಡದ್ದನ್ನು ಬರೆದಿಟ್ಟರೆ ಅದು ಎರಡೂ ಕಡೆಯವರಿಗೆ ಸಿಗಬೇಕು. ಆರೋಪಿಗೆ ಸಹಾಯವಾಗುವಂಥದ್ದಾದರಂತೂ ಮುಚ್ಚಿಡುವ ಹಾಗೇ ಇಲ್ಲ. ನಿಮ್ಮ ಹೇಳಿಕೆಗೂ ಕಾಗದಕ್ಕೂ ಹೊಂದಿಕೆಯಾಗುತ್ತಿರಲಿಲ್ಲ. ಅದು ಜನರಲ್‌ಗೆ ಸಹಾಯವಾಗುವ ವಿಷಯ.

ಮೂರು ದಿನ ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಓಡಾಡಿದೆ. ಹರಿದುಹಾಕು ಎಂದು ನೀವು ಬರೆದ ಕಾಗದ ಆಗಿನ್ನೂ ಬಂದಿರಲಿಲ್ಲ, ಆದರೆ ಹರಿಯುವ ಯೋಚನೆ ನನಗೂ ಬಂದಿತ್ತು. ನನ್ನ ಮಾವನ ಮನಸ್ಸನ್ನು ಆ ಮನುಷ್ಯನ ಕೈಗೆ ಕೊಡಬೇಕೇ ಎನಿಸಿತು. ಆ ಶಾಲೆಯಲ್ಲಿದ್ದ ಯಾರನ್ನಾದರೂ ಆತ ವಿಚಾರಣೆ ಮಾಡಿದ್ದನೇ? ಯಾರಿಗಾದರೂ ವಕೀಲರನ್ನು ಕೊಟ್ಟಿದ್ದನೇ? ಅವನಿಗೆ ನಾವೇಕೆ ಇಷ್ಟೆಲ್ಲ ಕೊಡಬೇಕು? ಆದರೆ ಕೊಡದೇ ಹೋದರೆ, ನನಗೆ ಬೇಕಾದವರಿಗೆ ಒಂದು ಕಾನೂನು ಬೇಡದವರಿಗೆ ಒಂದು ಎಂದ ಹಾಗಾಯಿತು. ಆತ ಇಪ್ಪತ್ತು ವರ್ಷ ಆಳಿದ್ದು ಹಾಗೆಯೇ. ನಾಲ್ಕನೆಯ ದಿನ ಮುಖ್ಯಸ್ಥರಿಗೆ ಕೊಟ್ಟೆ. ಕೊಟ್ಟು ಬಂದು ಕೈತೊಳೆಯುವ ಕೋಣೆಯಲ್ಲಿ ನಿಂತು ಅತ್ತೆ.

ಅವತ್ತಿನಿಂದ ನಿಮ್ಮೊಂದಿಗೆ ಮಾತು, ಕಾಗದ, ಎಲ್ಲ ನಿಷಿದ್ಧವಾಯಿತು. ಏಪ್ರಿಲ್‌ನ ಆ ಕಾಗದವನ್ನು ನಾನು ಬರೆಯಲಿಲ್ಲ, ಬರೆಸಿದರು. ಕೊನೆಗೆ 'ಮಾವ, ನಾನು ನಿಮ್ಮವಳೇ' ಎಂದು ಒಂದು ಸಾಲು ಸೇರಿಸುತ್ತೇನೆ ಎಂದೆ. ಸಾಕ್ಷಿಗೆ ಧೈರ್ಯ ಕೊಟ್ಟ ಹಾಗಾಗುತ್ತದೆ, ಬೇಡ ಎಂದರು. ಜೂನ್‌ನಲ್ಲಿ ಬಂದದ್ದನ್ನು ಅವರೇ ವಾಪಸ್ ಕಳಿಸಿದರು. ನಾನು ಲಕೋಟೆಯ ಮೇಲಿನ ನಿಮ್ಮ ಅಕ್ಷರ ಮಾತ್ರ ನೋಡಿದೆ. ಅಮ್ಮನಿಗೆ ಕಾರಣ ಹೇಳಿದರೆ ಅವಳು ನಿಮಗೆ ಹೇಳದೆ ಇರಲಾರಳು, ಅದಕ್ಕೇ ಬಾಯಿ ಮುಚ್ಚಿಸಿದೆ. ಅವತ್ತು ನೀವು ಬರುವ ಹೊತ್ತನ್ನು ನನಗೆ ಹೇಳಿರಲಿಲ್ಲ. ಕಂಡಾಗ ಕಾಲು ತಾನಾಗಿ ನಿಮ್ಮ ಕಡೆ ಹೊರಟಿತ್ತು ಮಾವ. ಮೆಟ್ಟಿಲ ಕೆಳಗೆ ಹೋಗಿ ಕೂತುಬಿಟ್ಟೆ. ನಿಮ್ಮ ಕೂದಲು ಪೂರ್ತಿ ಬೆಳ್ಳಗಾಗಿದೆ.

ಆ ಕಾಗದ ಓದಿ ನನಗೆ ನಿಮ್ಮ ಮೇಲೆ ಅಸಹ್ಯ ಬಂದಿರಬೇಕು ಎಂದು ನೀವು ಅಂದುಕೊಂಡಿರಬಹುದು. ನನಗೆ ಅನಿಸಿದ್ದು ಇಷ್ಟೆ: ಹನ್ನೊಂದು ವರ್ಷದ ನಾನು ಆ ಬಾಳೆಹಣ್ಣಿನ ಕಾಗದವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಿದ್ದಾಗ, ಅಲ್ಲಿ ನೀವು ಎಷ್ಟು ಒಂಟಿಯಾಗಿದ್ದಿರೋ ಎಂದು.

ಕ್ಷಮಿಸಿ ಎಂದು ಕೇಳಬೇಕೋ ಬೇಡವೋ ತಿಳಿಯದು. ಮತ್ತೆ ಅಂಥ ಸಂದರ್ಭ ಬಂದರೂ ಕೊಡುತ್ತೇನೆ. ಆದರೂ ಕೇಳುತ್ತಿದ್ದೇನೆ.

ನಿಮ್ಮ
ಸಿಂಧು


ಹಾಲ್ಕುರಿಕೆ
8 ಡಿಸೆಂಬರ್ 2024

ಚಿ. ಸಿಂಧುಗೆ,

ನಿನ್ನ ಕಾಗದ ಬಂದಾಗ ನಾನು ತೋಟದಲ್ಲಿ ಗರಿ ಎಳೆದು ಒಟ್ಟು ಹಾಕ್ತಿದ್ದೆ. ಪೋಸ್ಟಿನ ಪರಮೇಶ ಅಲ್ಲಿಗೇ ತಂದುಕೊಟ್ಟ. ಗರಿ ಮೇಲೆ ಕೂತು ಓದಿದೆ. ಮೊದಲನೇ ಸಾಲು ಓದಿ ಮಡಿಸಿಟ್ಟೆ. ಒಂದು ಸುತ್ತು ತೋಟ ತಿರುಗಿ ಬಂದು ಪೂರ್ತಿ ಓದಿದೆ.

ಸಿಟ್ಟಿತ್ತು ಕಣವ್ವ, ಇಲ್ಲ ಅನ್ನಲ್ಲ. ವಿಮಾನದಲ್ಲಿ ಬರೋವಾಗ ನಿನ್ನ ಹೆಸರು ಎತ್ತಬಾರದು ಅಂತ ತೀರ್ಮಾನ ಮಾಡಿದ್ದೆ. ಈಗ ನೋಡಿದ್ರೆ ನೀನು ನನ್ನನ್ನ ಬಿಟ್ಟೇ ಇರಲಿಲ್ಲ. ಎಂಟು ತಿಂಗಳು ನಾನು ತಪ್ಪು ಲೆಕ್ಕ ಹಾಕ್ಕೊಂಡು ಒದ್ದಾಡಿದೆ. ಇನ್ನೊಂದು ಮಾತು. ಆ ಕಾಗದ ಹೊರಗೆ ಬರದೇ ಹೋಗಿದ್ರೆ ನಾನು ಅರ್ಧ ಸತ್ಯ ಹೇಳಿ ಬಂದಿರ್ತಿದ್ದೆ, ಮಿಕ್ಕರ್ಧ ನನ್ನ ಜೊತೆಗೇ ಮಣ್ಣಿಗೆ ಹೋಗ್ತಿತ್ತು. ಕ್ಷಮಿಸೋದೆಲ್ಲ ಏನೂ ಬೇಡ. ಅಲ್ಲಿನ ನೀರಿನ ಲೋಟದ ವಿಷಯಕ್ಕೂ ನನಗೀಗ ಬೇಜಾರಿಲ್ಲ.

ಅವತ್ತೇ ಮಧ್ಯಾಹ್ನ ನಿಮ್ಮತ್ತೆಗೆ ಹೇಳಿದೆ. ಜಗಲಿ ಮೇಲೆ ಅವರೆಕಾಯಿ ಸುಲೀತಾ ಕೂತಿದ್ದಳು. ನಾನೂ ಪಕ್ಕ ಕೂತು ಸುಲಿಯೋಕೆ ಶುರು ಮಾಡಿದೆ. ಮೊದಲಿಂದ ಹೇಳಿದೆ. ಅವಳು ಒಂದು ಸಲವೂ ತಲೆ ಎತ್ತಲಿಲ್ಲ. ನಾನು ಮುಗಿಸಿದ ಮೇಲೆ ಮೊರ ಪಕ್ಕಕ್ಕಿಟ್ಟಳು.

"ಇಪ್ಪತ್ತು ವರ್ಷದಿಂದ ನಿದ್ದೇಲಿ 'ಬಿಡವ್ವ, ಕೈ ಬಿಡವ್ವ' ಅಂತೀರಲ್ಲ, ಅದು ಇವಳಿಗಾ?" ಅಂದಳು.

ನಾನು ಹಾಗನ್ನೋದು ನನಗೇ ಗೊತ್ತಿರಲಿಲ್ಲ.

"ನಾನು ಆ ದೇಶದಲ್ಲಿ ಇನ್ಯಾವಳನ್ನೋ ಕಟ್ಕೊಂಡಿದ್ರಿ ಅಂದ್ಕೊಂಡಿದ್ದೆ ಕಣ್ರೀ" ಅಂದಳು. ಅಂದು ಸೆರಗಿನಿಂದ ಮುಖ ಮುಚ್ಕೊಂಡು ಅಳೋಕೆ ಶುರು ಮಾಡಿದಳು. ನನಗೆ ನಗು ಬಂತು. ನಾನು ನಕ್ಕಿದ್ದಕ್ಕೆ ಅವಳಿಗೂ ನಗು ಬಂತು. ಪಕ್ಕದ ಮನೆ ಭೂತಮ್ಮ ಏನಾಯ್ತು ಅಂತ ಬಂದು ನೋಡಿ ಹೋದಳು. ಇಬ್ಬರೂ ಅಳ್ತಾ ನಗ್ತಾ ಅವರೆಕಾಯಿ ಚೆಲ್ಲಾಡ್ಕೊಂಡು ಕೂತಿದ್ವಿ.

ಇನ್ನೊಂದು ಕೆಲಸ ಮಾಡಿದೆ. ನಾನು ಆರ್ಡರ್ ಮೀರಿದ್ದನ್ನ ನಾನೇ ಬರೆದು ನಮ್ಮ ಮಿಲಿಟರಿ ರೆಕಾರ್ಡ್ ಆಫೀಸಿಗೆ ರಿಜಿಸ್ಟರ್ ಪೋಸ್ಟ್ ಮಾಡಿದೆ. ಕೋರ್ಟಲ್ಲಿ ಒಪ್ಕೊಂಡದ್ದನ್ನ ಇಲ್ಲಿ ಮುಚ್ಚಿಡೋದು ಯಾಕೆ. ಏನು ಬಂದ್ರೂ ಬರಲಿ.

ಸರಿಯಾಗಿ ಊಟ ಮಾಡು.

ನಿನ್ನ ಮಾವ,
ಮರುಳಸಿದ್ದಯ್ಯ


ಹೇಗ್
26 ಜೂನ್ 2025

ಪ್ರೀತಿಯ ಮಾವ,

ತೀರ್ಪು ಬಂತು. ಎಲ್ಲರಿಗೂ ತೆರೆದಿರುವ ತೀರ್ಪು, ಹಾಗಾಗಿ ಇದನ್ನು ಯಾರ ಅಪ್ಪಣೆಯೂ ಇಲ್ಲದೆ ಬರೆಯುತ್ತಿದ್ದೇನೆ. ಜನರಲ್ ಅಪರಾಧಿ. ಇಪ್ಪತ್ತೆಂಟು ವರ್ಷ ಶಿಕ್ಷೆ. ಓದುವಾಗ ಆತನನ್ನು ನಿಲ್ಲಿಸಿದ್ದರು. ಬೇರೆ ಊರುಗಳ ಎರಡು ಆರೋಪ ಸಾಬೀತಾಗಲಿಲ್ಲ, ಅವುಗಳಿಂದ ಬಿಟ್ಟರು. ಆತ ಮೇಲ್ಮನವಿ ಹಾಕಬಹುದು. ಆದರೆ ಕಿಸೋಲೆ ಶಾಲೆಯ ವಿಷಯದಲ್ಲಿ ಮೂವರು ಜಡ್ಜರೂ ಒಂದೇ ಮಾತು ಹೇಳಿದ್ದಾರೆ.

ನಿಮ್ಮ ಹೆಸರಿಲ್ಲದೆ, ನಿಮ್ಮ ಬಗ್ಗೆ ಎರಡು ಪುಟ ಇದೆ. ಈ ಸಾಕ್ಷಿ ಮೊದಲು ಸುಳ್ಳು ಹೇಳಿದ್ದು ನಿಜ, ಆದರೆ ಆ ಖಾಸಗಿ ಕಾಗದದಲ್ಲಿ ತನಗೇ ಕೆಡುಕಾಗುವುದನ್ನು ಬರೆದುಕೊಂಡಿದ್ದಾನೆ, ಅದನ್ನು ನಂಬುತ್ತೇವೆ ಎಂದಿದ್ದಾರೆ. ಜ್ವರದ ಕಥೆ ಅಲ್ಲಿಗೆ ಬಿದ್ದುಹೋಯಿತು.

ಇನ್ನೊಂದು ವಿಷಯವಿದೆ. ಇದನ್ನು ಕುಳಿತುಕೊಂಡು ಓದಿ. ಕ್ಯಾಪ್ಟನ್ ರೇಡಿಯೋದಲ್ಲಿ 'ಹೊರಡುತ್ತಿದ್ದೇವೆ' ಎಂದದ್ದು ಎರಡು ಗಂಟೆ ಏಳು ನಿಮಿಷಕ್ಕೆ. 'ಹೊರಟೆವು' ಎಂದದ್ದು ಎರಡು ಹದಿನೆಂಟಕ್ಕೆ. ನೀವು ಲಾರಿ ನಿಲ್ಲಿಸಿದ್ದು ಹನ್ನೊಂದು ನಿಮಿಷ. ಶಾಂತಿಪಡೆಯ ಲಾರಿ ಕಣ್ಮರೆಯಾಗುವವರೆಗೆ ಗುಂಡು ಹಾರಿಸಬೇಡಿ ಎಂದು ಜನರಲ್ ಆಜ್ಞೆ ಮಾಡಿದ್ದನಂತೆ. ಸೈನಿಕರೆಲ್ಲ ಗೇಟಿನ ಕಡೆಗೇ ಬಂದು, ಕೆಟ್ಟು ನಿಂತ ಲಾರಿಯನ್ನು ನೋಡುತ್ತ ನಿಂತಿದ್ದರು. ಅಷ್ಟರಲ್ಲಿ ಶಾಲೆಯ ಅಡುಗೆಮನೆಯ ಹಿಂದಿನ ಮಣ್ಣಿನ ಗೋಡೆಯನ್ನು ಕೆಡವಿ ಜನ ಒಬ್ಬೊಬ್ಬರಾಗಿ ಕೆರೆಯ ಜೊಂಡಿನೊಳಗೆ ಇಳಿದರು. ಹಾಗೆ ಉಳಿದವರು ಅರವತ್ತಮೂರು ಜನ. ಅವರಲ್ಲಿ ಕೆಲವರು ಇಲ್ಲಿಗೆ ಬಂದು ಸಾಕ್ಷಿ ಹೇಳಿದ್ದಾರೆ. ಅದು ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಲಾರಿ ಹಿಡಿದ ಹೆಂಗಸಿನ ಬಗ್ಗೆ ತೀರ್ಪಿನಲ್ಲಿ ಏನೂ ಇಲ್ಲ. ನಾನು ಪ್ರತಿ ಪುಟ ಹುಡುಕಿದೆ. ಉಳಿದಿರಬಹುದು ಎಂದು ಬರೆದು ನಿಮ್ಮನ್ನು ಸಮಾಧಾನ ಮಾಡಲಾರೆ.

ಆಗಸ್ಟ್‌ನಲ್ಲಿ ಊರಿಗೆ ಬರುತ್ತೇನೆ. ಅಮ್ಮನಿಗೆ ಹೇಳಿದ್ದೇನೆ, ಮೊದಲ ವಾರ ಹಾಲ್ಕುರಿಕೆಯಲ್ಲಿ ಎಂದು.

ನಿಮ್ಮ
ಸಿಂಧು


ಹಾಲ್ಕುರಿಕೆ
13 ಜುಲೈ 2025

ಚಿ. ಸಿಂಧುಗೆ,

ಕಾಗದ ಬಂದು ಮೂರು ದಿನ ಆಯ್ತು. ಬರೆಯೋಕೆ ಕೂತ್ರೆ ಅಕ್ಷರ ಬರ್ತಿರಲಿಲ್ಲ.

ಅರವತ್ತಮೂರು ಜನ ಅನ್ನೋದನ್ನ ಶಾಂತಕುಮಾರಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದಿ ಅಂದಳು. ಓದಿದೆ. "ಅವರಿಗೆಲ್ಲ ಈಗ ಮಕ್ಕಳಾಗಿರ್ತವೆ" ಅಂದಳು. ನನಗೆ ಅದು ಹೊಳೆದೇ ಇರಲಿಲ್ಲ. ಇಪ್ಪತ್ತು ವರ್ಷ ಆಯ್ತಲ್ಲ, ಮಕ್ಕಳು ಕಾಲೇಜಿಗೆ ಹೋಗ್ತಿರಬೇಕು.

ಆ ಹೆಂಗಸಿನ ಬಗ್ಗೆ ಇದ್ದದ್ದನ್ನ ಇದ್ದ ಹಾಗೆ ಬರೆದೆಯಲ್ಲ, ಅದು ಒಳ್ಳೇದಾಯ್ತು. ಅವಳನ್ನ ನಾನು ಮರೆಯಲ್ಲ, ಮರೆಯಲೂಬಾರದು.

ರೆಕಾರ್ಡ್ ಆಫೀಸಿಂದ ಉತ್ತರ ಬಂದಿದೆ. ವಿಷಯ ಗಮನಕ್ಕೆ ಬಂದಿದೆ, ದಾಖಲೆ ಮಾಡಿಕೊಂಡಿದ್ದೇವೆ, ಮುಂದಿನ ಕ್ರಮ ಇಲ್ಲ. ಎರಡೇ ಸಾಲು. ಕೆಳಗೆ ಸೈನ್ ಹಾಕಿದ ಆಫೀಸರು ಪೆನ್ನಿನಲ್ಲಿ 'ಜೈ ಹಿಂದ್, ಹವಾಲ್ದಾರ್ ಸಾಬ್' ಅಂತ ಬರೆದಿದ್ದಾರೆ.

ಮಠದ ಹತ್ರದ ಹೋಟೆಲಲ್ಲಿ ಸಣ್ಣತಿಮ್ಮಯ್ಯ ಪೇಪರಿನಲ್ಲಿ ಜನರಲ್ ಫೋಟೋ ನೋಡಿ, "ದೇಶ ಆಳಿದವನ್ನೂ ಒಳಗಾಕವ್ರೆ ಕಣ್ಲಾ, ನೋಡಿಲ್ಲಿ" ಅಂತ ಎಲ್ಲರಿಗೂ ತೋರಿಸ್ತಿದ್ದ. ನಾನು ಟೀ ಕುಡೀತಾ ಕೂತಿದ್ದೆ. "ಇಂಥವನಿಗೆ ವಕೀಲ ಬೇರೆ ಕೇಡು, ಯಾಕೆ ಕೊಟ್ರೋ" ಅಂದ. ಕೊಡಬೇಕು ಕಣ್ಲಾ, ಕೊಟ್ಟಿದ್ದಕ್ಕೇ ತೀರ್ಪು ನಿಂತದ್ದು ಅಂದೆ. ನಿಂಗೇನ್ಲಾ ಗೊತ್ತು ಅಂದ. ಎಲ್ಲ ಹೇಳಿದೆ. ಹೋಟೆಲಲ್ಲಿ ಇದ್ದವರೆಲ್ಲ ಕೇಳಿಸ್ಕೊಂಡ್ರು. ಸಣ್ಣತಿಮ್ಮಯ್ಯ ಇನ್ನೊಂದು ಟೀ ಹೇಳಿದ.

ಇವತ್ತು ಸೋನೆ ಹಿಡಿದಿತ್ತು. ಮಧ್ಯಾಹ್ನ ಮುದ್ದೆ ಊಟ ಮಾಡಿ ಸ್ವಲ್ಪ ಒರಗೋಣ ಅಂತ ಚಾಪೆ ಹಾಸ್ಕೊಂಡೆ. ಎದ್ದಾಗ ಸಂಜೆ ಆರಾಗಿತ್ತು. ಒಂದು ಕನಸೂ ಇಲ್ಲ. ನಿಮ್ಮತ್ತೆ ಮೂರು ಸಲ ಬಂದು, ಉಸಿರಾಡ್ತಿದ್ದೀನಾ ಅಂತ ಮೂಗಿನ ಹತ್ರ ಕೈಯಿಟ್ಟು ನೋಡಿದಳಂತೆ. "ನಿದ್ದೇಲಿ ಏನೂ ಮಾತಾಡಲಿಲ್ಲ ಕಣ್ರೀ ನೀವು, ಅದಕ್ಕೇ ಭಯ ಆಯ್ತು" ಅಂದಳು.

ನಿನ್ನ ಮಾವ,
ಮರುಳಸಿದ್ದಯ್ಯ